ಮೂಲೆಯಿಲ್ಲದ ಗೋಪುರ

ನಮ್ಮೂರ ಚರ್ಚಿನ ಗೋಪುರ ದುಂಡಗಿದೆ.
ಯಾಕೆಂದು ಕೇಳಿದರೆ ಪಾದ್ರಿಗಳು
ಆದಿ ಇಲ್ಲದ್ದು, ಅಂತ್ಯ ಇಲ್ಲದ್ದು ಎಂದೆಲ್ಲ ಹೇಳುತ್ತಾರೆ.
ಅದೇನಲ್ಲ.
ಮೂಲೆಗೆ ಕಲ್ಲಿರಲಿಲ್ಲ, ಅಷ್ಟೇ.

ನಾರ್ಫೋಕಿನ ಈ ಸಪಾಟು ನೆಲದಲ್ಲಿ ಬಂಡೆಯೆಂಬುದಿಲ್ಲ.
ಇರುವುದು ಚಕಮಕಿ ಕಲ್ಲು,
ಆಲೂಗಡ್ಡೆಯ ಹಾಗೆ ಗಂಟುಗಂಟು,
ಒಡೆದರೆ ಒಳಗೆ ಕುದುರೆಯ ಕಣ್ಣಿನ ಕಪ್ಪು.
ಉಳುವಾಗೆಲ್ಲ ನೇಗಿಲಿಗೆ ಸಿಕ್ಕುತ್ತದೆ.
ಎಷ್ಟು ಹೆಕ್ಕಿದರೂ ಮರುವರ್ಷ ಅಷ್ಟೇ;
ಹೊಲದಲ್ಲಿ ಕಲ್ಲೂ ಬೆಳೆಯುತ್ತದೆಂದು
ಅಜ್ಜಿ ಕೊನೆಯವರೆಗೂ ನಂಬಿದ್ದಳು.

ಚೌಕಕ್ಕೆ ನಾಲ್ಕು ಮೂಲೆ ಬೇಕು,
ಮೂಲೆಗೆ ಕಡಿದ ಕಲ್ಲು ಬೇಕು,
ಕಡಿದ ಕಲ್ಲಿಗೆ ಹಡಗು ಬೇಕು, ಹಡಗಿಗೆ ದುಡ್ಡು.
ಇಲ್ಲದವರು ದುಂಡಗೆ ಕಟ್ಟಿದರು.
ಒಂದು ಬೇಸಗೆಗೆ ಎರಡಾಳೆತ್ತರ.
ಆಮೇಲೆ ಸುಣ್ಣ ಬಿಗಿಯಲೆಂದು ಕಾದು,
ಕುರಿಯ ಉಣ್ಣೆ ಕತ್ತರಿಸಿ, ಸತ್ತವರನ್ನು ಹೂತು,
ಮರುವರ್ಷ ಮತ್ತೆ ಎರಡಾಳು.
ಎಲ್ಲಿ ನಿಂತರು, ಎಲ್ಲಿಂದ ಮತ್ತೆ ಹಿಡಿದರು
ಗೋಡೆಯಲ್ಲಿ ಇವತ್ತಿಗೂ ಗೆರೆ ಕಾಣುತ್ತದೆ.
ಮೂರನೆಯ ಪಟ್ಟಿ ಗಿಡ್ಡ.
ಆ ವರ್ಷ ಏನಾಯಿತೋ.

ಸಂದಿಗೆ ಸಿಂಪಿಚಿಪ್ಪು ತುರುಕಿದ್ದಾರೆ, ತಿಂದು ಬಿಟ್ಟದ್ದು.
ಒಂಬೈನೂರು ವರ್ಷದ ಎಂಜಲು,
ಸಂಜೆ ಬಿಸಿಲಿಗೆ ಈಗಲೂ ಮಿನುಗುತ್ತದೆ.

ಬೀಗದ ಕೈ ನನ್ನ ಹತ್ತಿರ. ಅಪ್ಪನ ನಂತರ ನನಗೇ ಬಂತು.
ವಾರಕ್ಕೊಮ್ಮೆ ಗುಡಿಸುತ್ತೇನೆ.
ಗೋಪುರದೊಳಗೆ ಮುರಿದ ಕುರ್ಚಿ, ಕೀರ್ತನೆ ಪುಸ್ತಕದ ಕಟ್ಟು,
ಯಾವುದೋ ಯುದ್ಧದ ಬಾವುಟದ ಕೋಲು.
ಮೂಲೆಗೆ ಸೇರಿಸೋಣವೆಂದರೆ ಮೂಲೆಯೇ ಇಲ್ಲ.
ಎಲ್ಲವೂ ಮೆಲ್ಲಗೆ ನಡುವಿಗೇ ಬಂದು ಕೂರುತ್ತವೆ.

ಬಡಗಣ ಬಾಗಿಲು ಬೇರೆ ಇತ್ತು.
ನಾಮಕರಣದ ದಿನ ಮಗು ಕಿರುಚಿದಾಗ
ಸೈತಾನ ಹೊರಟುಹೋಗಲೆಂದು ತೆರೆದಿಡುತ್ತಿದ್ದರಂತೆ.
ಯಾರೋ ಇಟ್ಟಿಗೆ ಇಟ್ಟು ಮುಚ್ಚಿದರು.
ಅವನು ಹೊರಗುಳಿದನೋ ಒಳಗೋ ಗೊತ್ತಿಲ್ಲ.
ಭಾನುವಾರ ನಾವು ಒಂಬತ್ತು ಜನ, ಅವನನ್ನು ಬಿಟ್ಟು.

ಮೊನ್ನೆ ಏಪ್ರಿಲಿನಲ್ಲಿ ಆಂಬ್ರೋಸ್ ಗೆಜ್ ಬಂದ, ಗಾರೆಯವನು.
ಪೀಪಾಯಿಯಲ್ಲಿ ಬಿಯರ್ ಎಷ್ಟುಳಿದಿದೆ ಎಂದು ನೋಡುವಂತೆ
ಗೆಣ್ಣಿನಿಂದ ಗೋಡೆ ತಟ್ಟಿದ.
"ಇದು ಸಿಮೆಂಟು, ಮಿಸೆಸ್ ಥರ್ಟಲ್.
ಯಾರೋ ತಿಳಿಯದವರು ಮೆತ್ತಿದ್ದಾರೆ."

ಯಾರೋ ಅಲ್ಲ.
ಅರವತ್ಮೂರರ ಹಿಮ ಕರಗಿದ ಮೇಲೆ
ಬಿರುಕು ಕಂಡು ತಡೆಯಲಾರದೆ ನನ್ನಪ್ಪ
ಹಂದಿಗೂಡಿಗೆಂದು ತಂದಿಟ್ಟ ಚೀಲ ಹೊತ್ತು ಹೋದ.
ಹನ್ನೊಂದು ಸಂಜೆ ಏಣಿಯ ಮೇಲೆ.
ಕೆಳಗೆ ಏಣಿ ಹಿಡಿದು ನಾನು, ಏಳು ವರ್ಷದವಳು,
ಬಿಟ್ಟರೆ ಅಪ್ಪನೂ ಗೋಪುರವೂ ಬೀಳುತ್ತವೆಂದು.

"ಸುಣ್ಣಕ್ಕೆ ಉಸಿರಿದೆ," ಎಂದ ಗೆಜ್, "ಇದಕ್ಕಿಲ್ಲ.
ಒಳಹೊಕ್ಕ ನೀರು ಒಳಗೇ ಉಳಿಯಿತು.
ಹಳೆಯ ಗಾರೆಯೆಲ್ಲ ಹಿಟ್ಟಾಗಿದೆ, ನೋಡಿ,"
ಬೆರಳಿಟ್ಟು ತೋರಿಸಿದ. ಸುರಿಯಿತು.
ಹೆಸರು ಹೇಳಲು ಬಾಯಿ ಬರಲಿಲ್ಲ.

ಮೂರು ವಾರ ಉಳಿಯ ಸದ್ದು.
ಕೊನೆಗೆ, ಸೊಂಟದಷ್ಟು ಕೆಳಗೆ,
ಕಿತ್ತ ಒಂದು ತುಂಡಿನಲ್ಲಿ ಹೆಬ್ಬೆರಳ ಅಚ್ಚು.
ಅಪ್ಪನದೆಂದು ನನ್ನ ಬೆರಳು ಇಟ್ಟು ನೋಡಿದೆ.
ಹಿಡಿಸಲಿಲ್ಲ.
ತೀರ ಚಿಕ್ಕದು.

ಈಗ ಹೊಸ ಸುಣ್ಣ. ಬಾಣಂತಿಯ ಹಾಗೆ ಅದು:
ಬಿಸಿಲು ಬೀಳಬಾರದು, ಗಾಳಿ ತಾಕಬಾರದು.
ದಿನಾ ಸಂಜೆ ಬಕೆಟ್ಟು ಹೊತ್ತು ಹೋಗಿ
ಗೋಣಿತಾಟು ನೆನೆಸುತ್ತೇನೆ,
ಮೇಲಿಂದ ಕಾಗೆಗಳು ಬಯ್ಯುತ್ತವೆ.
"ಗೆರೆ ಕಾಣುತ್ತದೆ, ಏನೂ ಮಾಡಲಾಗದು," ಎಂದಿದ್ದ ಗೆಜ್.
ಕಾಣಲಿ.

ಆ ತುಂಡನ್ನು ಎಸೆದಿಲ್ಲ.
ಗೋಪುರದೊಳಗೇ ಇದೆ, ಗೋಡೆಗೊರಗಿಸಿಯೇ ಇಟ್ಟಿದ್ದೆ.
ಗುಡಿಸುವಾಗಲೆಲ್ಲ
ಕಾಲಿಗೆ ಸಿಕ್ಕುತ್ತದೆ.